ಒಬ್ಬನ ಹೆಜ್ಜೆಯೋ ಇಬ್ಬರದೋ

ನಮ್ಮ ಊರಿನ ಕೆರೆ ದೊಡ್ಡದು. ಮಳೆ ಹೊಯ್ದು ಬಾನು ತೊಳೆದಂತಾದ ದಿನ ಮಾತ್ರ ಆಚೆ ದಡದ ಮರಗಳು ಕಾಣುತ್ತವೆ. ಆ ನೀರಿನಲ್ಲಿ ಸತ್ತವರು ಈಚೆ ದಡದ ಮರಳಿಗೆ ಬಂದು ನಡೆಯುತ್ತಾರೆ. ನಡೆಯುವುದನ್ನು ಕಂಡವರಿಲ್ಲ, ಬೆಳಗಾದಾಗ ಹೆಜ್ಜೆಗಳಿರುತ್ತವೆ, ಅಷ್ಟೆ. ಹೆತ್ತವಳು ದಡದಲ್ಲಿ ಅನ್ನ, ನೀರು ಇಟ್ಟು ಹೆಸರು ಹಿಡಿದು ಕರೆದರೆ ಸತ್ತವರ ನಡಿಗೆ ನಿಲ್ಲುತ್ತದೆ. ಹೆತ್ತವಳು ಇಲ್ಲದಿದ್ದರೆ ಹೆಂಡತಿ ಕರೆಯಬಹುದು. ಒಂದೇ ದೋಣಿಯಲ್ಲಿ ಮುಳುಗಿದವರನ್ನು ಒಂದೇ ಸಲಕ್ಕೆ ಕರೆಯಬೇಕು. ಆಗ ಹೆಸರು ಬಿಟ್ಟುಹೋದವರಿಗೆ ಮತ್ತೆ ಕರೆಯಿಲ್ಲ, ಅವರು ನಡೆಯುತ್ತಲೇ ಇರಬೇಕು. ಹಾಗೆಂದು ಎಲ್ಲರ ಹೆಸರನ್ನೂ ಸೇರಿಸಿ ಕರೆಯುವಂತಿಲ್ಲ. ಬದುಕಿರುವವರ ಹೆಸರು ಆ ದಡದಲ್ಲಿ ಕೂಗಿದರೆ ಅವರು ಎಲ್ಲಿದ್ದರೂ ಊರಿನ ದಾರಿ ಮರೆತುಬಿಡುತ್ತಾರೆ. ಊರಬಾಗಿಲಾದ ಅಗಸೆಯ ಮುಂದೆಯೇ ಹಾದುಹೋದರೂ ಅದು ತಮ್ಮ ಊರೆಂದು ಅವರಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಮರಳಿನ ಮೇಲೆ ಯಾರಿದ್ದಾರೆ ಎಂದು ಮೊದಲು ತಿಳಿಯಬೇಕು. ಅದನ್ನು ತಿಳಿದು ಹೇಳುವ ಕೆಲಸ ನನ್ನದು. ನನಗಿಂತ ಮುಂಚೆ ಅದು ಕೊಟ್ರಯ್ಯ ಮಾಸ್ತರರದಾಗಿತ್ತು. ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರೂ ಅವರೇ, ಮರಳಿಗೆ ಕರೆದುಕೊಂಡು ಹೋಗಿ ಹೆಜ್ಜೆ ಅಳೆಯುವುದನ್ನು ಕಲಿಸಿದವರೂ ಅವರೇ.

ನಾನು ಹೇಳಹೊರಟಿರುವುದು ಗಾಳೆವ್ವನ ಮಕ್ಕಳ ವಿಷಯ. ದೊಡ್ಡವನು ಅಂಬಣ್ಣ, ಮದುವೆ ಬೇಡವೆಂದು ತಾಯಿಯ ಜೊತೆಯಲ್ಲೇ ಉಳಿದವನು. ಚಿಕ್ಕವನು ಜಡಿಯಪ್ಪ, ಅವನ ಹೆಂಡತಿ ಹುಲಿಗೆಮ್ಮ. ನಾಲ್ವರೂ ಒಂದೇ ಮನೆ, ಒಂದೇ ಒಲೆ. ಅಣ್ಣ ತಮ್ಮ ಒಂದೇ ದೋಣಿಯಲ್ಲಿ ಬಲೆ ಹಾಕುತ್ತಿದ್ದರು. ಆ ವರ್ಷ ಮೂಡಗಾಳಿ ತಿರುಗಿದ ಸಂಜೆ ದೋಣಿ ಮಗುಚಿತು. ಅಂಬಣ್ಣನ ಹೆಣ ಸಿಕ್ಕಿತು. ಜಡಿಯಪ್ಪನದು ಸಿಗಲಿಲ್ಲ. ವಾರ ಕಳೆದ ಮೇಲೆ ಆಚೆ ದಡದ ಕುರಿಗಾರನೊಬ್ಬ ಸಂತೆಗೆ ಬಂದವನು, ಆ ಸಂಜೆ ನೀರಿಳಿಯುವ ಬಟ್ಟೆಯಲ್ಲೇ ಒಬ್ಬ ಗಂಡಸು ಬಸ್ಸಿನ ರಸ್ತೆಯ ಕಡೆಗೆ ನಡೆದುಹೋಗುತ್ತಿದ್ದುದನ್ನು ನೋಡಿದೆ ಎಂದ. ಮುಖ ನೋಡಿದೆಯಾ ಎಂದರೆ ಕತ್ತಲಾಗಿತ್ತು ಎಂದ.

ಮರಳಿನ ಮೇಲೆ ಹೆಜ್ಜೆಗಳು ಅಷ್ಟರಲ್ಲೇ ಕಾಣಿಸಿಕೊಂಡಿದ್ದವು.

ಗಾಳೆವ್ವ ನನ್ನ ಮನೆಗೆ ಬಂದು ಹೊಸ್ತಿಲ ಹೊರಗೇ ಕುಳಿತಳು. "ನೀಲವ್ವಾ, ನನ್ನ ದೊಡ್ಡ ಮಗ ಹೋದ. ಅವನನ್ನ ಕರೀತೀನಿ. ಸಣ್ಣಾವ ಅದಾನ. ಎಲ್ಲೋ ಹೆದರಿ ಕುಂತಾನ. ಅಣ್ಣನ್ನ ಬಿಟ್ಟು ಬಂದೆ, ಅವ್ವಗ ಏನ್ ಮುಖ ತೋರಿಸ್ಲಿ ಅಂತ ಕುಂತಾನ. ಮರಳ ಮ್ಯಾಲ ಇರಾದು ಒಬ್ಬಂದೇ ಹೆಜ್ಜಿ ಅಂತ ನೀ ಒಂದು ಮಾತು ಹೇಳಿಬಿಡು."

"ಅಳೀದs ಹೆಂಗ ಹೇಳ್ಲಿ ದೊಡ್ಡವ್ವ?"

"ಅಳಿ. ಆದ್ರ ನನ್ನ ಮಾತು ನೆನಪಿಟ್ಕೊಂಡು ಅಳಿ."

ಹುಲಿಗೆಮ್ಮ ಬಂದದ್ದು ಅದೇ ದಿನ, ಅತ್ತೆ ಹೋದ ಮೇಲೆ. ಅವಳು ಕೂರಲಿಲ್ಲ. ಕಂಬಕ್ಕೆ ಒರಗಿ ನಿಂತೇ ಮಾತಾಡಿದಳು. "ನೀಲಕ್ಕ, ಸತ್ತಾನ ಅಂದ್ರ ಅಳ್ತೀನಿ. ಅದು ನನಗ ಬರ್ತೈತಿ. ಅಣ್ಣನ್ನ ನೀರಾಗ ಬಿಟ್ಟು, ನನ್ನ ಮನಿಯಾಗ ಬಿಟ್ಟು, ಬಸ್ಸು ಹತ್ತಿ ಹೋದ ಅಂದ್ರ ನಾ ಏನ್ ಮಾಡ್ಬೇಕ್ರಿ? ಅವ ಅಂಥಾವ ಅಲ್ಲ. ಅವ ನೀರಾಗs ಅದಾನ." ಹೇಳಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ಕೇಳಿಸಿಕೊಂಡವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸತ್ತವರ ಹೆಜ್ಜೆ ಅಳೆಯುವುದು ಸುಲಭವಲ್ಲ. ಅವರ ಹೆಜ್ಜೆ ಬದುಕಿದ್ದಾಗಿನ ಪಾದದಷ್ಟೇ ಇರುವುದಿಲ್ಲ. ನೀರಲ್ಲಿ ನೆನೆದ ಕಾಲು ಉಬ್ಬಿರುತ್ತದೆ, ಹಿಮ್ಮಡಿ ಎಳೆದಿರುತ್ತದೆ, ಗಾಳಿ ಅಂಚನ್ನು ತಿಂದಿರುತ್ತದೆ. ಎಡ ಯಾವುದು ಬಲ ಯಾವುದು ಎಂದು ತಿಳಿಯದಷ್ಟು ಮಸುಕು. ಒಬ್ಬನೇ ನಡೆದರೂ ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಆದರೂ ತುಂಬ ಹೆಜ್ಜೆಗಳನ್ನು ಅಳೆದರೆ ಒಂದು ಉದ್ದದ ಸುತ್ತ ಅವು ಗುಂಪುಗೂಡುತ್ತವೆ. ನಡುವೆ ಹೆಚ್ಚು, ಆಚೀಚೆ ಹೋದಂತೆ ಕಡಿಮೆ. ದಡದ ಮೇಲಿನ ಉದ್ದನೆಯ ಕಲ್ಲಿನಲ್ಲಿ ಗೆರೆಗಳನ್ನು ಕೊರೆದಿದ್ದಾರೆ. ಒಂದೊಂದು ಹೆಜ್ಜೆ ಅಳೆದಾಗಲೂ ಅದರ ಉದ್ದದ ಗೆರೆಯ ಮೇಲೆ ಒಂದು ಹರಳು ಇಡುತ್ತೇನೆ. ಹರಳುಗಳು ಪೇರಿಕೊಂಡು ಗುಡ್ಡೆಯಾಗುತ್ತವೆ. ಒಬ್ಬನಾದರೆ ಒಂದು ಗುಡ್ಡೆ. ದೊಡ್ಡವನೂ ಮಗುವೂ ಮುಳುಗಿದ್ದರೆ ಎರಡು ಗುಡ್ಡೆ ದೂರದೂರ, ಕುರುಡನಿಗೂ ಕೈಯಾಡಿಸಿದರೆ ತಿಳಿಯುತ್ತದೆ. ಅಂಬಣ್ಣನ ದೋಣಿಯ ಹರಳುಗಳು ಮಾತ್ರ ಒಂದೂ ಅಲ್ಲ ಎರಡೂ ಅಲ್ಲ ಎನ್ನುವಂತೆ ನಿಂತವು. ಒಂದೇ ಗುಡ್ಡೆ, ಆದರೆ ಅಗಲ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ.

ಅಣ್ಣ ತಮ್ಮಂದಿರ ಪಾದ ಹೆಚ್ಚುಕಡಿಮೆ ಒಂದೇ ಅಳತೆ ಇರುತ್ತದಲ್ಲ, ಅದೇ ತೊಡಕು. ಯಾವ ಹೆಜ್ಜೆ ಯಾರದೆಂದು ಗೊತ್ತಿದ್ದರೆ ಇಬ್ಬರ ಹೆಜ್ಜೆಯ ಅಳತೆಯನ್ನೂ ಬೇರೆಬೇರೆ ಹೇಳಬಹುದಿತ್ತು. ಇಬ್ಬರ ಅಳತೆ ಗೊತ್ತಿದ್ದರೆ ಯಾವ ಹೆಜ್ಜೆ ಯಾರದೆಂದು ಹೇಳಬಹುದಿತ್ತು. ನನಗೆ ಎರಡೂ ಗೊತ್ತಿರಲಿಲ್ಲ. ಇಂಥ ಹೊತ್ತಿಗೆ ಮಾಸ್ತರು ಕಲಿಸಿದ ದಾರಿ ಒಂದಿದೆ. ಮೊದಲು ಸುಮ್ಮನೆ ಊಹಿಸು: ಅಣ್ಣನ ಹೆಜ್ಜೆ ಇಷ್ಟು, ತಮ್ಮನದು ಇಷ್ಟು. ಎರಡು ಬುಟ್ಟಿ ಇಡು. ಪ್ರತಿ ಹೆಜ್ಜೆಗೂ ಹತ್ತು ಹುಣಸೆಬೀಜ ತೆಗೆದುಕೊ. ಹೆಜ್ಜೆ ಅಣ್ಣನ ಅಳತೆಗೆ ಹತ್ತಿರವಿದ್ದರೆ ಅಣ್ಣನ ಬುಟ್ಟಿಗೆ ಹೆಚ್ಚು ಹಾಕು, ತಮ್ಮನ ಬುಟ್ಟಿಗೆ ಕಡಿಮೆ. ನಟ್ಟನಡುವೆ ಇದ್ದರೆ ಐದೈದು. ಯಾವ ಹೆಜ್ಜೆಯನ್ನೂ ಒಬ್ಬನಿಗೇ ಬರೆದುಕೊಡಬೇಡ. ಎಲ್ಲ ಹಂಚಿದ ಮೇಲೆ, ಯಾರ ಪಾಲಿಗೆ ಏನು ಬಂತೋ ಅದರಿಂದ ಅವರವರ ಅಳತೆಯನ್ನು ಹೊಸದಾಗಿ ಹಿಡಿ. ಮೊದಲಿನ ಊಹೆ ಕೊಂಚ ಸರಿಯುತ್ತದೆ. ಹೊಸ ಅಳತೆ ಹಿಡಿದು ಬೀಜಗಳನ್ನು ಮತ್ತೆ ಹಂಚು. ಮತ್ತೆ ಅಳತೆ. ಮತ್ತೆ ಹಂಚಿಕೆ. ಒಂದು ಸಲ ಬೀಜಗಳು ಕದಲುವುದನ್ನು ಬಿಡುತ್ತವೆ. ಅಲ್ಲಿ ನಿಲ್ಲು.

ಊಹೆ ಎಲ್ಲಿಂದಲಾದರೂ ಹೊರಡಬೇಕು. ಗಾಳೆವ್ವನನ್ನು ಕೇಳಿದೆ. "ಸಣ್ಣಾಂವಂದು ಸಣ್ಣ ಪಾದ. ಅಣ್ಣನ ಮೆಟ್ಟಿನಾಗ ಕಾಲಿಟ್ರ ಹಿಂದ ಎರಡು ಬೆರಳು ಜಾಗ ಉಳೀತಿತ್ತು," ಎಂದಳು. ಅಲ್ಲಿಂದ ಹೊರಟೆ. ಹಂಚಿದಂತೆಲ್ಲ ಜಡಿಯಪ್ಪನ ಬುಟ್ಟಿ ಬರಿದಾಗುತ್ತ ಬಂತು. ಬೀಜಗಳೆಲ್ಲ ಅಂಬಣ್ಣನ ಕಡೆಗೆ ವಾಲಿದವು. ಕೊನೆಗೆ ಜಡಿಯಪ್ಪನ ಪಾಲಿಗೆ ಉಳಿದದ್ದು ತೀರಾ ಗಿಡ್ಡವಾದ ಒಂದೇ ಒಂದು ಹೆಜ್ಜೆ. ಅದನ್ನೇ ತಬ್ಬಿಕೊಂಡು ಅವನ ಬುಟ್ಟಿ ನಿಂತುಬಿಟ್ಟಿತು. ಅದು ಗಾಳಿ ತಿಂದ ಹೆಜ್ಜೆಯೂ ಇದ್ದೀತು, ನರಿಯದೂ ಇದ್ದೀತು. ಅಂದರೆ ಮರಳಿನ ಮೇಲೆ ಅಂಬಣ್ಣ ಒಬ್ಬನೇ.

ಗಾಳೆವ್ವ ಕಲ್ಲಿನ ಪಕ್ಕದಲ್ಲೇ ಕುಳಿತಿದ್ದಳು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ಎದ್ದು ನನ್ನ ಗಲ್ಲ ಸವರಿ ಲಟಿಕೆ ಮುರಿದಳು.

"ಅತ್ತಿ," ಎಂದಳು ಹುಲಿಗೆಮ್ಮ, ಹಿಂದಿನಿಂದ. "ನೀವು ಹೇಳಿದ್ದು ಮದುವಿಗೆ ಮುಂಚಿನ ಮಾತು. ಅವನ ಕಾಲು ಆಮ್ಯಾಲ ಬೆಳೀತು. ಭಾವನ ಕಾಲಿಗಿಂತ ಉದ್ದ ಇತ್ತು. ಮುಳ್ಳು ತೆಗ್ಯಾಕೀ ನಾನು, ನನಗ ಗೊತ್ತಿಲ್ಲೇನು? ಹಿಮ್ಮಡಿ ನನ್ನ ಮೊಣಕಾಲ ಮ್ಯಾಲ ಇಟ್ರ ಬೆರಳು ನನ್ನ ಹೊಟ್ಟಿಗೆ ತಾಗ್ತಿದ್ವು."

ಗಾಳೆವ್ವ ಸೊಸೆಯ ಕಡೆ ತಿರುಗಲಿಲ್ಲ. "ನಿನಗ ಅವ ಸಾಯಬೇಕಾಗೈತಿ," ಎಂದಳು.

"ನಿಮಗ ಅವ ಕಳ್ಳ ಆಗಬೇಕಾಗೈತಿ," ಎಂದಳು ಹುಲಿಗೆಮ್ಮ.

ಇಬ್ಬರೂ ಆಮೇಲೆ ಬಹಳ ದಿನ ಮಾತಾಡಲಿಲ್ಲ ಎಂದು ಕೇಳಿದೆ. ಒಂದೇ ಮನೆಯಲ್ಲಿ ಒಲೆ ಎರಡಾದವು.

ಹುಲಿಗೆಮ್ಮ ಹೇಳಿದ ಅಳತೆಯಿಂದ ಮತ್ತೆ ಹೊರಟೆ. ಹರಳುಗಳು ಅವೇ, ಬೀಜಗಳು ಅವೇ. ಈ ಸಲ ಬುಟ್ಟಿ ಬರಿದಾಗಲಿಲ್ಲ. ಎಮ್ಮೆಯ ಬೆನ್ನು ನಡುವೆ ಸೀಳಿದಂತೆ ಎರಡು ಗುಡ್ಡೆಯಾಯಿತು. ಒಂದು ಅಣ್ಣನದು, ಇನ್ನೊಂದು ಅದಕ್ಕಿಂತ ಬೆರಳಿನಷ್ಟು ಉದ್ದ. ಇಬ್ಬರಿಗೂ ಹೆಚ್ಚುಕಡಿಮೆ ಸಮಪಾಲು. ಬೀಜಗಳು ಕದಲದೆ ನಿಂತವು. ತಾಯಿಯ ನೆನಪಿನಿಂದ ಹೊರಟರೆ ಮಗ ಬದುಕಿದ್ದ, ಹೆಂಡತಿಯ ನೆನಪಿನಿಂದ ಹೊರಟರೆ ಗಂಡ ಸತ್ತಿದ್ದ. ನಾನು ಕಲ್ಲಿನ ಮೇಲೆ ಎರಡೂ ಕೈ ಊರಿ ನಿಂತುಕೊಂಡೆ. ನನಗೆ ಅಳು ಬಂತು, ಯಾರಿಗಾಗಿ ಎಂದು ತಿಳಿಯಲಿಲ್ಲ.

ಇಬ್ಬರ ಮಾತೂ ಬೇಡವೆಂದು ಬೇರೆಬೇರೆ ಊಹೆಗಳಿಂದ ಹೊರಟು ನೋಡಿದೆ. ಹೆಚ್ಚಿನವು ಎರಡು ಗುಡ್ಡೆಗೇ ಬಂದು ನಿಂತವು. ಹರಳುಗಳಿಗೂ ಆ ಎರಡು ಗುಡ್ಡೆಯೇ ಚೆನ್ನಾಗಿ ಹೊಂದುತ್ತಿತ್ತು. ಆದರೆ ಅದರಿಂದ ಸಮಾಧಾನವಾಗಲಿಲ್ಲ. ಮಾಸ್ತರು ಹಾಸಿಗೆ ಹಿಡಿದಿದ್ದಾಗಲೂ ನನಗೆ ಹೇಳುತ್ತಿದ್ದ ಮಾತೊಂದಿತ್ತು. "ನೀಲಾ, ಮರಳು ಇಲ್ಲ ಅನ್ನೂದಿಲ್ಲ. ಒಬ್ಬ ಅದಾನ ಅಂದ್ರ ಹೂಂ ಅಂತೈತಿ. ಇಬ್ಬರು ಅಂದ್ರ ಇನ್ನಷ್ಟು ಖುಷಿಯಿಂದ ಹೂಂ ಅಂತೈತಿ. ನಾಲ್ಕು ಮಂದಿ ಅನ್ನು, ನಾಲ್ಕು ಗುಡ್ಡಿ ಮಾಡಿ ತೋರಿಸ್ತೈತಿ. ಅಳೆದ ಹೆಜ್ಜಿನ ನಂಬಬ್ಯಾಡ. ಇನ್ನೂ ಅಳೀದs ಇರೂ ಹೆಜ್ಜಿನ ಕೇಳು."

ಹಾಗಾಗಿ ಕಾಯಬೇಕಾಯಿತು. ಗಾಳಿ ಬೀಸಿ ಮರಳನ್ನು ನುಣ್ಣಗೆ ಮಾಡಬೇಕು, ಅದರ ಮೇಲೆ ಹೊಸ ಹೆಜ್ಜೆಗಳು ಬೀಳಬೇಕು, ಅವು ಯಾರ ಮಾತಿಗೆ ಸಾಕ್ಷಿ ಹೇಳುತ್ತವೆಂದು ನೋಡಬೇಕು. ಆದರೆ ನಡೆಯುವವರನ್ನು ಕರೆದು ಮುಗಿಸುವವರೆಗೆ ನಮ್ಮಲ್ಲಿ ಯಾರೂ ದೋಣಿಯನ್ನು ನೀರಿಗಿಳಿಸುವುದಿಲ್ಲ. ಬಲೆಗಳು ಬಿದಿರ ಗಳುವಿನ ಮೇಲೆ ಒಣಗುತ್ತಿದ್ದವು. ಮನೆಮನೆಯ ಒಣಮೀನು ತೀರಿತ್ತು. ಊರಿನ ಯಜಮಾನ ಮಾಬಳೆಪ್ಪ ಒಂದು ಮುಂಜಾನೆ ಕಲ್ಲಿನ ಬಳಿಗೇ ಬಂದ. ಒಳ್ಳೆಯ ಮನುಷ್ಯ. ಅವನ ಮನೆಯಲ್ಲೂ ಮಕ್ಕಳು ಗಂಜಿ ಕುಡಿದೇ ಮಲಗುತ್ತಿದ್ದರು.

"ನೀಲಮ್ಮ, ಎರಡರಾಗ ಒಂದು ಹೇಳಿಬಿಡ್ರಿ. ನೀವು ಏನ್ ಹೇಳಿದ್ರೂ ಊರು ಕೇಳ್ತೈತಿ."

"ಅದಕ್ಕs ಹೇಳಾಕ ಹೆದರಿಕಿ ಆಗ್ತೈತ್ರಿ."

ಅವನು ಹರಳುಗಳನ್ನು ನೋಡಿದ. "ನಮ್ಮಪ್ಪನೂ ಈ ನೀರಾಗs ಹೋದ. ಆಗ ಮಾಸ್ತರ ಇದ್ರು. ತಡಾ ಮಾಡಿದ್ರು. ನಾವೆಲ್ಲಾ ಬೈದ್ವಿ," ಎಂದ. ಹಾಗೆಂದು ಹೊರಟುಹೋದ. ಅದಾದ ಮೇಲೆ ಊರಿನವರು ಯಾರೂ ನನ್ನನ್ನು ಅವಸರ ಮಾಡಲಿಲ್ಲ. ಅವನೇ ತಡೆದಿರಬೇಕು.

ಗಾಳಿ ಬಂತು. ಹೊಸ ಮರಳು ಬಿತ್ತು. ನಾನು ಹಳೆಯ ಹರಳುಗಳನ್ನು ಮುಟ್ಟದೆ, ಕಲ್ಲಿನ ಇನ್ನೊಂದು ಬದಿಯಲ್ಲಿ ಹೊಸ ಹರಳುಗಳನ್ನು ಇಡುತ್ತ ಹೋದೆ. ಒಬ್ಬನೇ ಆಗಿದ್ದರೆ ಹೆಚ್ಚು ಹರಳು ಎಲ್ಲಿ ಬೀಳಬೇಕು, ಇಬ್ಬರಾಗಿದ್ದರೆ ಎಲ್ಲಿ ಎಂದು ಮೊದಲೇ ಸುಣ್ಣದ ಗುರುತು ಹಾಕಿಟ್ಟಿದ್ದೆ. ಗಾಳೆವ್ವ ಕಲ್ಲಿನ ಒಂದು ತುದಿಯಲ್ಲಿ, ಹುಲಿಗೆಮ್ಮ ಇನ್ನೊಂದು ತುದಿಯಲ್ಲಿ ದಿನವೂ ಬಂದು ಕೂರುತ್ತಿದ್ದರು. ಹರಳು ಕಲ್ಲಿಗೆ ತಾಗುವ ಸಪ್ಪಳ ಮಾತ್ರ. ದಿನ ಕಳೆದಂತೆ ಹರಳುಗಳು ಎರಡು ಗುಡ್ಡೆಗಳಿಗೆ ಹಾಕಿದ ಗುರುತಿನ ಮೇಲೆಯೇ ಏರಿದವು. ಲೆಕ್ಕ ಗೊತ್ತಿಲ್ಲದವರಿಗೂ ಕಾಣುತ್ತಿತ್ತು.

ಗಾಳೆವ್ವ ಎದ್ದು ಮರಳಿನ ಅಂಚಿಗೆ ಹೋದಳು. ಒಂದು ಹೆಜ್ಜೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. "ಇದು ಯಾರದು?"

ನಾನು ಅಳೆದೆ. "ಹತ್ತು ಪಾಲಿನಾಗ ಏಳು ಜಡಿಯಪ್ಪಂದು, ಮೂರು ಅಂಬಣ್ಣಂದು."

"ಇದು?"

"ಇದು ಅರ್ಧರ್ಧ, ದೊಡ್ಡವ್ವ."

"ಪೂರಾ ನನ್ನ ಸಣ್ಣ ಮಗಂದು ಅನ್ನೂ ಹೆಜ್ಜಿ ಒಂದು ತೋರಿಸು."

"ಅಂಥಾದು ಇಲ್ಲ."

"ಪೂರಾ ದೊಡ್ಡಾವಂದು?"

"ಅದೂ ಇಲ್ಲ. ಎಲ್ಲಾದರಾಗೂ ಇಬ್ಬರದೂ ಪಾಲು ಐತಿ."

ಅವಳು ಆ ಹೆಜ್ಜೆಯ ಅಂಚನ್ನು ಬೆರಳಿನಿಂದ ಸವರಿದಳು. "ಸಣ್ಣವರಿದ್ದಾಗ ಒಂದs ಕೌದಿಯಾಗ ಮಲಗಿಸ್ತಿದ್ದೆ," ಎಂದಳು. "ಕಾಲು ಯಾರವು ಅಂತ ನನಗೂ ತಿಳೀತಿದ್ದಿಲ್ಲ."

ನಾನು ಅವಳಿಗೆ ಉಳಿದದ್ದನ್ನೂ ಹೇಳಲೇಬೇಕಿತ್ತು. ಎರಡು ಗುಡ್ಡೆ ಇದ್ದ ಮಾತ್ರಕ್ಕೆ ಇಬ್ಬರು ಮನುಷ್ಯರೇ ಇರಬೇಕೆಂದಿಲ್ಲ. ಅಂಬಣ್ಣನೊಬ್ಬನೇ ಒಂದು ಕಾಲು ಎಳೆದು ನಡೆಯುತ್ತಿದ್ದರೂ ಒಂದು ಕಾಲಿನ ಹೆಜ್ಜೆಗಳು ಉದ್ದವಾಗಿ ಬೀಳಬಹುದು. ದೋಣಿ ಮಗುಚಿದಾಗ ಅವನ ಮೊಣಕಾಲಿಗೆ ಪೆಟ್ಟಾಗಿತ್ತೋ ಇಲ್ಲವೋ, ಹೆಣ ನೋಡಿದವರಲ್ಲಿ ಒಬ್ಬರು ಹೌದೆಂದರು, ಒಬ್ಬರು ಇಲ್ಲವೆಂದರು. ಸೊಸೆಯನ್ನೂ ಹತ್ತಿರ ಕರೆದು ಇಬ್ಬರ ಮುಂದೆಯೂ ಇದನ್ನೆಲ್ಲ ಬಿಡಿಸಿ ಹೇಳಿದೆ. "ಅದಕ್ಕs ಖಾತ್ರಿ ಅನ್ನೂದಿಲ್ಲ. ಹತ್ತರಾಗ ಎಂಟು ಪಾಲು, ಜಡಿಯಪ್ಪ ಮರಳ ಮ್ಯಾಲ ಅದಾನ. ಎರಡು ಪಾಲು, ಇಲ್ಲ. ಇದಕ್ಕಿಂತ ಹೆಚ್ಚಿಂದು ನನ್ನ ಕೈಯಾಗ ಇಲ್ಲ."

ಹುಲಿಗೆಮ್ಮ ತಾನು ಬಯಸಿದ್ದೇ ಸಿಕ್ಕಿತೆಂದು ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬೂದಿಯಂತಾಯಿತು. ಅವಳು ಅತ್ತೆಯ ಕಾಲ ಬಳಿ ಕುಸಿದು ಕುಳಿತಳು. "ಕರೀಬ್ಯಾಡ್ರಿ ಅತ್ತಿ. ಎರಡು ಪಾಲು ಐತಂತ. ಅವ ದಾರಿ ಮರ್ತುಬಿಡ್ತಾನ."

"ಎಂಟು ಪಾಲು ಐತಲ್ಲವ್ವ," ಎಂದಳು ಗಾಳೆವ್ವ. ಅವಳ ದನಿ ನನಗೆ ಅಪರಿಚಿತವೆನಿಸಿತು. "ಕರೀದಿದ್ರ ನಡಕೋಂತs ಇರ್ತಾನ. ಅಣ್ಣ ಉಂಡು ಮಲಗ್ತಾನ, ಇವ ಒಬ್ಬನs ಹಸಕೊಂಡು ನಡೀತಾನ. ಬದುಕಿದ್ರ ಎಲ್ಲೋ ಒಂದು ಕಡಿ ಯಾರೋ ಒಬ್ಬರು ಅನ್ನ ಹಾಕ್ತಾರ. ಇಲ್ಲಿ ಹಾಕೂದಕ್ಕ ನಾ ಒಬ್ಬಾಕೀನ ಇರಾದು."

ಮರುದಿನ ಬೆಳಿಗ್ಗೆ ಊರೆಲ್ಲ ದಡದಲ್ಲಿ ಸೇರಿತು. ಗಾಳೆವ್ವ ಹೊಸ ಗಡಿಗೆಯಲ್ಲಿ ನೀರು ತಂದು ಒಂದೇ ಎಲೆಯಲ್ಲಿ ಅನ್ನ ಬಡಿಸಿದಳು. ಎರಡು ಎಲೆ ಹಾಕು ಎಂದು ಯಾರೋ ಹೇಳಿದರು. ಅವಳು ಕೇಳಲಿಲ್ಲ. ನೀರಿನ ಕಡೆ ಮುಖ ಮಾಡಿ, ಆಟಕ್ಕೆ ಹೋದ ಹುಡುಗರನ್ನು ಊಟಕ್ಕೆ ಕೂಗುವಂತೆ ಕೂಗಿದಳು. "ಅಂಬಣ್ಣಾ, ಜಡಿಯಪ್ಪಾ, ಬರ್ರೆಪ್ಪಾ, ಉಂಡು ಮಲಗ್ರಿ." ಒಂದೇ ಉಸಿರಿನಲ್ಲಿ ಎರಡೂ ಹೆಸರು. ಆಮೇಲೆ ಅಲ್ಲೇ ಕುಳಿತು ಅತ್ತಳು. ಹುಲಿಗೆಮ್ಮ ಅಳಲಿಲ್ಲ. ಮಾಬಳೆಪ್ಪನ ಹೆಂಡತಿ ಅವಳ ಬಳೆಗೆ ಕೈ ಹಾಕಲು ಬಂದಾಗ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅದರ ಮರುದಿನ ಮರಳು ನುಣುಪಾಗಿತ್ತು. ಒಂದೂ ಹೆಜ್ಜೆ ಇರಲಿಲ್ಲ. ಊರಿನವರು ನನ್ನ ಲೆಕ್ಕ ಸರಿಯಾಯಿತೆಂದರು. ಅಂಬಣ್ಣ ಒಬ್ಬನೇ ಆಗಿದ್ದರೂ ಮರಳು ಹಾಗೇ ಇರುತ್ತಿತ್ತು ಎಂದು ನಾನು ಹೇಳಲಿಲ್ಲ. ಅದನ್ನು ತಿಳಿದಿದ್ದವಳು ಇನ್ನೊಬ್ಬಳು ಮಾತ್ರ. ಅವಳು ಆ ಸಂಜೆ ನನ್ನ ಮನೆಗೆ ಬಂದಳು, ಕೈಯಲ್ಲಿ ಬಟ್ಟೆಯ ಗಂಟು.

"ಊರಿನ ದಾರಿ ಮರೀತಾರ ಅಂತಾರಲ್ರಿ ನೀಲಕ್ಕ. ಹೇಂತಿ ಮುಖಾನೂ ಮರೀತಾರೇನು?"

"ಹಂಗಂತ ಯಾರೂ ಹೇಳಿಲ್ಲವ್ವ. ಊರು ಮಾತ್ರ."

"ಹಂಗಾದ್ರ ನಾ ಊರಾಗ ಇರಬಾರದು." ಅವಳು ಗಂಟನ್ನು ಸೊಂಟಕ್ಕೆ ಏರಿಸಿದಳು. "ಎಂಟು ಪಾಲು ಅತ್ತಿ ಅಳ್ತಾರ. ಎರಡು ಪಾಲು ನಾ ನೋಡ್ಕೊಂತೀನಿ."

ಅವಳು ಕೆರೆ ದಾಟಿ, ಆಚೆ ದಡದಲ್ಲಿ ಬಸ್ಸು ನಿಲ್ಲುವ ಕೂಡುರಸ್ತೆಯಲ್ಲಿ ಒಂದು ಗುಡಿಸಲು ಹಾಕಿಕೊಂಡಳು. ಬಸ್ಸಿಗೆ ಕಾಯುವವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯೆ ಮಾಡಿ ಹಾಕತೊಡಗಿದಳು. ಒಲೆಯನ್ನು ಗುಡಿಸಲ ಒಳಗೆ ಹೂಡಲಿಲ್ಲ. ಹೊರಗೆ, ಬಸ್ಸಿನ ಕಿಟಕಿಗೆ ಮುಖ ಕಾಣುವ ಹಾಗೆ ಹೂಡಿದಳು. ಮಳೆಗಾಲದಲ್ಲೂ ಹಾಗೆಯೇ, ತಲೆಯ ಮೇಲೆ ಒಂದು ತಗಡು ಕಟ್ಟಿಕೊಂಡು.

ಗಾಳೆವ್ವ ಮೊದಲ ವರ್ಷ ಅವಳ ಹೆಸರೆತ್ತಲಿಲ್ಲ. ಆಮೇಲೆ ವಾರಕ್ಕೊಮ್ಮೆ ಯಾರದಾದರೂ ದೋಣಿ ಹತ್ತಿ ಮೀನು ಕೊಟ್ಟು ಬರತೊಡಗಿದಳು. ಕೊಟ್ಟ ಕೂಡಲೇ ತಿರುಗಿ ಬರುತ್ತಿದ್ದಳಂತೆ. ಒಂದು ಸಲ ಹೋದವಳು ಬರಲಿಲ್ಲ. ಏನಾಯಿತೋ ಎಂದು ನಾನೇ ನೋಡಲು ಹೋದೆ. ಅವಳು ಒಲೆಯ ಮುಂದೆ ಕುಳಿತು ಹಿಟ್ಟು ನಾದುತ್ತಿದ್ದಳು. ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಒಬ್ಬಳ ಹಣೆ ಬರಿದು, ಇನ್ನೊಬ್ಬಳ ಹಣೆಯಲ್ಲಿ ಕಾಸಿನಗಲ ಕುಂಕುಮ. ನನಗೂ ತಟ್ಟೆ ಕೊಟ್ಟರು. ಮೂವರೂ ಜಡಿಯಪ್ಪನ ಮಾತೆತ್ತಲಿಲ್ಲ. ಮೀನಿನ ಮಾತು, ಹಿಟ್ಟಿನ ಮಾತು ಆಡಿದೆವು.

ಮಧ್ಯಾಹ್ನದ ಬಸ್ಸು ಬಂತು. ಇಳಿದ ಪ್ರಯಾಣಿಕನೊಬ್ಬ, ದೂರದೂರಿನ ಬಳೆಗಾರ, ಊಟಕ್ಕೆ ಕುಳಿತ. ರೊಟ್ಟಿ ಮುರಿಯುತ್ತ ಮುದುಕಿಯನ್ನು ಮಾತಿಗೆಳೆದ. "ಅಜ್ಜಿ, ಮಕ್ಕಳೆಷ್ಟು ಮಂದಿ ನಿಮಗ?"

"ಇಬ್ಬರು ಗಂಡುಮಕ್ಕಳಪ್ಪ."

"ಎಲ್ಲದಾರ?"

"ದೊಡ್ಡಾವ ನೀರಾಗ ಹೋದ."

"ಅಯ್ಯೋ. ಸಣ್ಣಾವ?"

ಗಾಳೆವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಸೊಸೆಯ ಮುಖ ನೋಡಿದಳು. ಸೊಸೆ ರಸ್ತೆ ನೋಡುತ್ತಿದ್ದಳು.

"ಅದನ್ನ ಇಕಿ ಹೇಳಬೇಕು," ಎಂದಳು ಗಾಳೆವ್ವ.

ಹುಲಿಗೆಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ತೆಗೆದು ಅವನ ತಟ್ಟೆಗೆ ಹಾಕಿದಳು. "ಊಟಾ ಮಾಡ್ರಣ್ಣ," ಎಂದಳು, "ಆರ್ತೈತಿ."